ಬೆನ್ನುಹುರಿಗೆ ಸೇತುವೆ ಕಟ್ಟಿದರಷ್ಟೇ ಸಾಕೇ?

ಅಡಿಕೆ ಮರದಿಂದಲೋ ಕಟ್ಟಡದ ಸಾರುವೆಯಿಂದಲೋ ಬಿದ್ದವರು, ಬೈಕ್ ಅಪಘಾತದಲ್ಲಿ ಬೆನ್ನು ಮುರಿದುಕೊಂಡವರು ಆಸ್ಪತ್ರೆ ಸೇರಿದಾಗ ಮನೆಯವರು ವೈದ್ಯರ ಮುಂದಿಡುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಮತ್ತೆ ನಡೆಯುತ್ತಾರಾ?’ ವೈದ್ಯರು ಸ್ಪಷ್ಟ ಉತ್ತರ ಕೊಡದೆ ತಲೆ ತಗ್ಗಿಸಿದರೆ ನಾಲ್ಕು ದಿನಗಳಲ್ಲಿ ಯಾರಾದರೊಬ್ಬ ನೆಂಟರು ಮೊಬೈಲ್ ಹಿಡಿದು ಬರುತ್ತಾರೆ. ವಿದೇಶದಲ್ಲಿ ಬೆನ್ನಿಗೆ ಒಂದು ಜೆಲ್ ಚುಚ್ಚಿದರಂತೆ, ಕಾಲು ಬಿದ್ದುಹೋಗಿದ್ದ ಇಲಿ ಎದ್ದು ನಡೆಯಿತಂತೆ. ಮನೆಯವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಆ ಸುದ್ದಿ ಸುಳ್ಳಲ್ಲ. ಆದರೆ ಅದು ಅರ್ಧ ಸುದ್ದಿ. ಉಳಿದ ಅರ್ಧ ತಿಳಿದಿದ್ದರೆ ಹಣವೂ ಉಳಿಯುತ್ತದೆ, ರೋಗಿಯ ದೇಹವೂ ಉಳಿಯುತ್ತದೆ.

ತುಂಡಾದ ಹುರಿ ಏಕೆ ಕೂಡುವುದಿಲ್ಲ?

ಬೆನ್ನುಹುರಿ ಎಂದರೆ ಬೆನ್ನುಮೂಳೆ ಅಲ್ಲ. ಮೂಳೆಗಳ ಸಾಲಿನ ಒಳಗಿನ ಕೊಳವೆಯಲ್ಲಿ ಮೆದುಳಿನಿಂದ ಕೆಳಗಿಳಿಯುವ ಮೆತ್ತನೆಯ ನರದ ಹುರಿ ಅದು. ದಪ್ಪದಲ್ಲಿ ಹೆಚ್ಚುಕಡಿಮೆ ಕಿರುಬೆರಳಿನಷ್ಟು, ಉದ್ದದಲ್ಲಿ ಸುಮಾರು 45 ಸೆಂಟಿಮೀಟರ್. ಅದರಿಂದ 31 ಜೋಡಿ ನರಗಳು ಹೊರಟು ದೇಹದ ತುಂಬ ಹರಡುತ್ತವೆ. ಮೂಳೆ ಮುರಿದರೆ ಕೂಡುತ್ತದೆ, ಸ್ಕ್ರೂ ಹಾಕಿ ಕೂಡಿಸಲೂಬಹುದು. ‘ಆಪರೇಷನ್ ಚೆನ್ನಾಗಿ ಆಯಿತು’ ಎಂದು ವೈದ್ಯರು ಹೇಳುವುದು ಬಹಳ ಸಲ ಈ ಮೂಳೆಯ ಬಗ್ಗೆ ಮತ್ತು ಹುರಿಯ ಮೇಲಿನ ಒತ್ತಡ ತೆಗೆದ ಬಗ್ಗೆ. ಮನೆಯವರು ಅದನ್ನು ಹುರಿ ಸರಿಯಾಯಿತು ಎಂದು ತಿಳಿಯುತ್ತಾರೆ. ಇಲ್ಲಿಂದಲೇ ಗೊಂದಲ ಶುರು.

ಹುರಿಗೆ ಪೆಟ್ಟಾದ ಕ್ಷಣದಲ್ಲಿ ಆಗುವ ಹಾನಿ ಒಂದು. ಅದರ ನಂತರದ ಗಂಟೆಗಳಲ್ಲಿ, ದಿನಗಳಲ್ಲಿ ಆಗುವುದು ಇನ್ನೊಂದು. ರಕ್ತಸ್ರಾವ, ಬಾವು, ಉರಿಯೂತದಿಂದ ಪೆಟ್ಟಾಗದೆ ಉಳಿದಿದ್ದ ಜೀವಕೋಶಗಳೂ ಸಾಯುತ್ತವೆ. ವಾರಗಳು ಕಳೆದಂತೆ ಆ ಜಾಗದಲ್ಲಿ ನೀರು ತುಂಬಿದ ಒಂದು ಗುಳಿ ಉಳಿಯುತ್ತದೆ, ಸುತ್ತ ಗಟ್ಟಿಯಾದ ಗಾಯದ ಕಲೆ ಕಟ್ಟುತ್ತದೆ. ಮೇಲಿನಿಂದ ಬಂದ ನರತಂತು ಗುಳಿಯ ಅಂಚಿನಲ್ಲಿ ನಿಂತುಬಿಡುತ್ತದೆ. ದಾಟಲು ನೆಲವಿಲ್ಲ. ಮೇಲಾಗಿ ಆ ಕಲೆಯಲ್ಲಿರುವ ಕೆಲವು ರಾಸಾಯನಿಕಗಳು ‘ಮುಂದೆ ಬರಬೇಡ’ ಎಂದು ತಡೆಯುತ್ತವೆ.

ಸ್ಪೇನಿನ ವಿಜ್ಞಾನಿ ರಾಮೋನ್ ಇ ಕಾಹಾಲ್ ಬೆಳೆದವರ ಮೆದುಳು ಮತ್ತು ಬೆನ್ನುಹುರಿಯ ನರಗಳು ಮತ್ತೆ ಬೆಳೆಯುವುದಿಲ್ಲ ಎಂದು ಬರೆದದ್ದನ್ನು ವೈದ್ಯಲೋಕ ದಶಕಗಳ ಕಾಲ ಕೊನೆಯ ಮಾತೆಂದೇ ನಂಬಿತ್ತು. 1981ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಒಂದು ಸರಳ ಪ್ರಯೋಗ ಮಾಡಿದರು. ಇಲಿಯ ಕಾಲಿನ ನರದ ತುಂಡೊಂದನ್ನು ತೆಗೆದು, ಗಾಯವಾದ ಜಾಗವನ್ನು ಬಳಸಿ ಹೋಗುವಂತೆ ಮೆದುಳಿನ ಬುಡಕ್ಕೂ ಬೆನ್ನುಹುರಿಗೂ ಜೋಡಿಸಿದರು. ಬೆಳೆಯುವುದಿಲ್ಲ ಎಂದುಕೊಂಡಿದ್ದ ನರತಂತುಗಳು ಆ ತುಂಡಿನೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದಿದ್ದವು. ಇಲಿಯ ಮೈಗೆ ಇದು ದೊಡ್ಡ ದೂರ. ನರಕ್ಕೆ ಬೆಳೆಯುವ ಶಕ್ತಿ ಪೂರ್ತಿ ಸತ್ತಿಲ್ಲ, ಅದಕ್ಕೆ ಸಿಗದಿರುವುದು ದಾರಿ ಎಂದು ಆಗ ಗೊತ್ತಾಯಿತು.

ಜೆಲ್ ಎಂದರೆ ಏನು?

ಆ ದಾರಿಯನ್ನು ಕೈಯಿಂದ ಮಾಡಿ ಕೊಡುವ ಪ್ರಯತ್ನವೇ ಬಯೋಮೆಟೀರಿಯಲ್. ದೇಹ ತಿರಸ್ಕರಿಸದ, ಕೆಲಸ ಮುಗಿದ ಮೇಲೆ ತಾನಾಗಿ ಕರಗಿಹೋಗುವ ವಸ್ತು ಎಂದು ತಿಳಿದರೆ ಸಾಕು. ನಮ್ಮ ಮನೆಗಳಲ್ಲಿ ಇಫ್ತಾರ್‌ಗೆ ಚೈನಾ ಗ್ರಾಸ್ ಪುಡ್ಡಿಂಗ್ ಮಾಡುತ್ತೇವಲ್ಲ, ಆ ಚೈನಾ ಗ್ರಾಸ್ ಕಡಲ ಪಾಚಿಯಿಂದ ಬರುವ ಅಗರ್. ಅದನ್ನೇ ಶುದ್ಧಗೊಳಿಸಿ ತೆಗೆದ ಅಗರೋಸ್‌ನಿಂದ ಬೆನ್ನುಹುರಿಗೆ ಹಾಕುವ ಜೆಲ್ ಮಾಡಿ ನೋಡಿದ್ದಾರೆ. ಸಿಗಡಿ, ಏಡಿಗಳ ಚಿಪ್ಪಿನಿಂದ ಬರುವ ಕೈಟೋಸಾನ್, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್, ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಇವೂ ಬಳಕೆಯಲ್ಲಿವೆ. ಕೊಲಾಜೆನ್ ದನದಿಂದಲೂ ಬರುತ್ತದೆ, ಹಂದಿಯಿಂದಲೂ ಬರುತ್ತದೆ. ಯಾವುದರದ್ದು ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ರೋಗಿಗೆ ಇದೆ, ಕೇಳಲು ಸಂಕೋಚ ಬೇಡ.

ಗುಳಿಯನ್ನು ತುಂಬುವುದು ಈ ವಸ್ತುವಿನ ಒಂದು ಕೆಲಸ. ನರತಂತು ಅಡ್ಡಾದಿಡ್ಡಿ ಹೋಗದಂತೆ ಸಾಲು ತೋರಿಸುವುದು ಎರಡನೆಯದು. ಔಷಧವನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದು ಮೂರನೆಯದು. ಗಾಯದ ಕಲೆಯಲ್ಲಿರುವ ತಡೆಗಳನ್ನು ಕತ್ತರಿಸುವ ಒಂದು ಕಿಣ್ವವಿದೆ, ಕಾಂಡ್ರಾಯ್ಟಿನೇಸ್ ಎಂದು ಹೆಸರು. ಅದರ ತೊಂದರೆ ಎಂದರೆ ದೇಹದ ಬಿಸಿಗೆ ಬೇಗ ಕೆಟ್ಟುಹೋಗುತ್ತದೆ. 2010ರಲ್ಲಿ ಅಮೆರಿಕದಲ್ಲಿ ಭಾರತೀಯ ಮೂಲದ ರವಿ ಬೆಳ್ಳಂಕೊಂಡ ಮತ್ತು ಸಂಗಡಿಗರು ಟ್ರೆಹಲೋಸ್ ಎಂಬ ಸಕ್ಕರೆ ಬೆರೆಸಿ ಅದು ಕೆಡದಂತೆ ಮಾಡಿದರು, ಜೆಲ್‌ನಲ್ಲಿಟ್ಟು ಇಲಿಗಳ ಬೆನ್ನುಹುರಿಗೆ ಕೊಟ್ಟರು. ನರತಂತುಗಳು ಚಿಗುರಿದವು, ಇಲಿಗಳ ನಡಿಗೆಯೂ ಸುಧಾರಿಸಿತು.

ಮೊಬೈಲ್‌ನಲ್ಲಿ ಹೆಚ್ಚು ಓಡಾಡಿದ ಸುದ್ದಿ 2021ರದ್ದು. ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮುಯೆಲ್ ಸ್ಟಪ್ ತಂಡ ದ್ರವವಾಗಿ ಚುಚ್ಚಿದ ಮೇಲೆ ಜೆಲ್ ಆಗಿ ನಿಲ್ಲುವ ವಸ್ತುವೊಂದನ್ನು ಮಾಡಿತು. ಅದರ ಅಣುಗಳು ಒಂದೇ ಕಡೆ ನಿಲ್ಲದೆ ಅಲುಗಾಡುತ್ತಿರುತ್ತವೆ, ಆದ್ದರಿಂದ ಜೀವಕೋಶಗಳಿಗೆ ಸಂದೇಶ ಚೆನ್ನಾಗಿ ಮುಟ್ಟುತ್ತದೆ. ನಾಲ್ಕು ವಾರಗಳಲ್ಲಿ ಇಲಿಮರಿಗಳಂಥ ಚಿಕ್ಕ ಇಲಿಗಳು ನಡೆದವು. ಸುದ್ದಿಯಲ್ಲಿ ಬಿಟ್ಟುಹೋದ ಮಾತು ಇದು: ಚುಚ್ಚಿದ್ದು ಗಾಯವಾದ ಮರುದಿನವೇ. ಎರಡು ವರ್ಷದಿಂದ ಮಲಗಿರುವ ಮನುಷ್ಯನ ಬೆನ್ನುಹುರಿ ಆ ಸ್ಥಿತಿಯಲ್ಲಿ ಇರುವುದಿಲ್ಲ.

ಮನುಷ್ಯರಲ್ಲಿ ಏನಾಯಿತು?

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಜನ ಮೋಸ ಹೋಗುವುದು ಇಲ್ಲೇ. 2014ರಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಕರಗುವ ಪ್ಲಾಸ್ಟಿಕ್‌ನಂಥ ವಸ್ತುವಿನ ಪುಟ್ಟ ರಂಧ್ರಮಯ ಆಸರೆಯನ್ನು ಪೆಟ್ಟಾದ ಕೆಲವೇ ದಿನಗಳೊಳಗೆ ಮನುಷ್ಯನ ಬೆನ್ನುಹುರಿಯ ಗುಳಿಯಲ್ಲಿ ಇಟ್ಟರು. ಎದೆಯ ಮಟ್ಟದಲ್ಲಿ ಪೂರ್ಣ ಪೆಟ್ಟಾದವರೇ ಎಲ್ಲರೂ. ಒಟ್ಟು 19 ಜನರಿಗೆ ಹಾಕಿದರು. ಆರು ತಿಂಗಳ ಬಳಿಕ ಪರೀಕ್ಷಿಸಲು ಸಿಕ್ಕ 16 ಜನರಲ್ಲಿ 7 ಜನರಿಗೆ ಒಂದು ಹಂತದ ಸುಧಾರಣೆ ಕಂಡಿತ್ತು. ದೊಡ್ಡ ಆಸೆ ಹುಟ್ಟಿತು.

ಆದರೆ ಬೆನ್ನುಹುರಿಯ ಪೆಟ್ಟಿನಲ್ಲಿ ಏನೂ ಹಾಕದಿದ್ದರೂ ಮೊದಲ ತಿಂಗಳುಗಳಲ್ಲಿ ಕೆಲವರು ತಾವಾಗಿಯೇ ಸುಧಾರಿಸುತ್ತಾರೆ. ಹಾಗಾಗಿ ಎರಡನೇ ಅಧ್ಯಯನದಲ್ಲಿ 20 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಸರೆ ಇಟ್ಟು, ಇನ್ನೊಂದಕ್ಕೆ ಮಾಮೂಲಿ ಚಿಕಿತ್ಸೆಯನ್ನಷ್ಟೇ ಕೊಟ್ಟು ಹೋಲಿಸಿದರು. 2023ರಲ್ಲಿ ಫಲಿತಾಂಶ ಬಂತು. ಆಸರೆ ಪಡೆದವರು ಉಳಿದವರಿಗಿಂತ ಮೇಲಾಗಿರಲಿಲ್ಲ.

ಇದರಿಂದ ವಿಜ್ಞಾನ ಸೋತಿತು ಎಂದಲ್ಲ. ಹೋಲಿಸಿ ನೋಡುವ ಗುಂಪಿಲ್ಲದೆ ‘ನಮ್ಮಲ್ಲಿ ಇಷ್ಟು ಜನ ಸುಧಾರಿಸಿದ್ದಾರೆ’ ಎಂದು ವೀಡಿಯೋ ತೋರಿಸುವವರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂದು ಇದು ಕಲಿಸುತ್ತದೆ. ಮತ್ತೊಂದು ಪ್ರಶ್ನೆಯನ್ನೂ ಎತ್ತುತ್ತದೆ. ಸೇತುವೆ ಕಟ್ಟಿದ್ದಾಯಿತು, ಅದರ ಮೇಲೆ ಯಾರು, ಎಲ್ಲಿಗೆ ಹೋಗಬೇಕು ಎಂದು ಹೇಳಿಕೊಟ್ಟವರು ಯಾರು?

ಕಲಿತದ್ದನ್ನೇ ಮಾಡುತ್ತದೆ

ಬೆನ್ನುಹುರಿ ಬರೀ ತಂತಿಯಲ್ಲ, ಅದೂ ಕಲಿಯುತ್ತದೆ. ಪೆಟ್ಟಾದ ಜಾಗಕ್ಕಿಂತ ಕೆಳಗಿನ ಭಾಗ ಜೀವಂತವಾಗಿಯೇ ಇರುತ್ತದೆ. 1980ರ ದಶಕದಿಂದ ಬೆಕ್ಕುಗಳ ಮೇಲೆ ನಡೆದ ಅಧ್ಯಯನಗಳಲ್ಲಿ, ಬೆನ್ನುಹುರಿ ಪೂರ್ತಿ ತುಂಡಾದ ಬೆಕ್ಕನ್ನು ಆಧರಿಸಿ ಹಿಡಿದು ಓಡುವ ಪಟ್ಟಿಯ ಮೇಲೆ ದಿನಾ ನಡೆಸಿದರೆ ಅದರ ಹಿಂಗಾಲುಗಳು ಹೆಜ್ಜೆ ಹಾಕಲು ಕಲಿತವು. ನಿಲ್ಲಲು ಮಾತ್ರ ತರಬೇತಿ ಕೊಟ್ಟ ಬೆಕ್ಕುಗಳು ನಿಲ್ಲಲು ಕಲಿತವು, ಹೆಜ್ಜೆ ಹಾಕಲು ಪರದಾಡಿದವು.

ಈ ಎರಡು ದಾರಿಗಳನ್ನು ಕೂಡಿಸಿದ ಪ್ರಯೋಗ 2009ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಿಂದ ಬಂತು. ಜೇಮ್ಸ್ ಫಾಸೆಟ್ ತಂಡ ಕುತ್ತಿಗೆಯ ಮಟ್ಟದಲ್ಲಿ ಹುರಿಗೆ ಗಾಯವಾದ ಇಲಿಗಳಿಗೆ ಮೇಲೆ ಹೇಳಿದ ಕಿಣ್ವವನ್ನು ಕೊಟ್ಟಿತು. ಕೆಲವು ಇಲಿಗಳಿಗೆ ದಿನಕ್ಕೆ ಒಂದು ಗಂಟೆ ಮುಂಗೈ ಚಾಚಿ ಕಾಳು ಹಿಡಿಯುವ ಅಭ್ಯಾಸ. ಕೆಲವಕ್ಕೆ ಏಣಿ, ಆಟಿಕೆಗಳ ನಡುವೆ ಓಡಾಡುವ ಸಾಮಾನ್ಯ ವ್ಯಾಯಾಮ. ಕಾಳು ಹಿಡಿಯುವುದನ್ನು ಅಭ್ಯಾಸ ಮಾಡಿದವು ಕಾಳು ಹಿಡಿದವು. ಓಡಾಡಿದವು ಓಡಾಟದಲ್ಲಿ ಚುರುಕಾದವು, ಆದರೆ ಕಾಳು ಹಿಡಿಯುವುದರಲ್ಲಿ ಏನೂ ವ್ಯಾಯಾಮ ಮಾಡದ ಇಲಿಗಳಿಗಿಂತಲೂ ಹಿಂದೆ ಬಿದ್ದವು! ಔಷಧ ಬಾಗಿಲು ತೆರೆಯುತ್ತದೆ ಅಷ್ಟೆ. ಚಿಗುರಿದ ನರತಂತುಗಳು ಯಾವ ಕೆಲಸಕ್ಕೆ ಜೋಡಿಕೊಳ್ಳಬೇಕು ಎಂದು ತೀರ್ಮಾನಿಸುವುದು ನಂತರ ಮಾಡಿಸುವ ಅಭ್ಯಾಸ. ಅದು ತಪ್ಪಾದರೆ ಒಳ್ಳೆಯದರ ಬದಲು ಕೆಟ್ಟದ್ದೂ ಆದೀತು.

ಯಾವಾಗ ಮಾಡಿಸಬೇಕು ಎಂಬುದೂ ಮುಖ್ಯ. 2014ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನ್ ಶ್ವಾಬ್ ತಂಡ ಪಾರ್ಶ್ವವಾಯುವಾದ ಇಲಿಗಳಲ್ಲಿ ಇದನ್ನು ನೋಡಿತು. ನರ ಬೆಳೆಸುವ ಔಷಧ ಮೊದಲು, ತರಬೇತಿ ಆಮೇಲೆ ಎಂಬ ಸಾಲಿನಲ್ಲಿ ಕೊಟ್ಟಾಗ ಮುಂಗೈ ಚೆನ್ನಾಗಿ ಸುಧಾರಿಸಿತು. ಎರಡನ್ನೂ ಒಟ್ಟಿಗೆ ಕೊಟ್ಟಾಗ ನರತಂತುಗಳು ಅಡ್ಡಾದಿಡ್ಡಿ ಕವಲೊಡೆದು ಕೆಲಸ ಹಾಳಾಯಿತು. ಗಿಡ ನೆಟ್ಟ ದಿನವೇ ಹಂದರಕ್ಕೆ ಎಳೆದು ಕಟ್ಟಿದ ಹಾಗೆ.

ಮನುಷ್ಯರಲ್ಲಿ ಎರಡೂ ಕೂಡಿದ ಒಂದು ಹೆಸರಾಂತ ಪ್ರಕರಣ ಪೋಲೆಂಡಿನದ್ದು. 2010ರಲ್ಲಿ ಚೂರಿ ಇರಿತದಿಂದ ಒಬ್ಬರ ಬೆನ್ನುಹುರಿ ಬಹುತೇಕ ತುಂಡಾಗಿತ್ತು. ಹಲವು ತಿಂಗಳು ಕಠಿಣ ವ್ಯಾಯಾಮ ಮಾಡಿಸಿದರೂ ಕಾಲಿಗೆ ಏನೂ ಬಂದಿರಲಿಲ್ಲ. 2012ರಲ್ಲಿ ಶಸ್ತ್ರಚಿಕಿತ್ಸಕ ಪಾವೆಲ್ ತಬಾಕೋವ್, ಲಂಡನ್ನಿನ ಜೆಫ್ರಿ ರೈಸ್‌ಮನ್ ಅವರ ಸಂಶೋಧನೆಯ ಆಧಾರದ ಮೇಲೆ, ಅವರ ಕಾಲಗಂಟಿನ ಬಳಿಯ ನರದಿಂದಲೇ ತೆಗೆದ ಎಳೆಗಳನ್ನು 8 ಮಿಲಿಮೀಟರ್ ಕಂದಕಕ್ಕೆ ಅಡ್ಡ ಇಟ್ಟರು. ವಾಸನೆ ತಿಳಿಸುವ ನರದ ಸುತ್ತಲಿನ ಜೀವಕೋಶಗಳನ್ನೂ ಬೆಳೆಸಿ ಅಲ್ಲಿಗೆ ಚುಚ್ಚಿದರು. ದಿನಕ್ಕೆ ಸುಮಾರು 5 ಗಂಟೆಗಳ ವ್ಯಾಯಾಮ ಆಮೇಲೂ ನಿಲ್ಲಲಿಲ್ಲ. ಮೂರು ತಿಂಗಳ ಹೊತ್ತಿಗೆ ಎಡ ತೊಡೆಯ ಸ್ನಾಯು ತುಂಬಿಕೊಳ್ಳತೊಡಗಿತು. ಆರು ತಿಂಗಳಲ್ಲಿ ಕಾಲಿಗೆ ಪಟ್ಟಿ ಕಟ್ಟಿ, ಎರಡು ಕಡೆಯ ಕಂಬಿ ಹಿಡಿದು ಹೆಜ್ಜೆ ಇಟ್ಟರು. ಬರೀ ವ್ಯಾಯಾಮದಿಂದ ಬಾರದ್ದು ಸೇತುವೆಯ ನಂತರ ಬಂತು. ಸೇತುವೆ ಕಟ್ಟಿ ಸುಮ್ಮನೆ ಮಲಗಿಸಿದ್ದರೆ ಬರುತ್ತಿತ್ತೆಂದು ಅವರ ವೈದ್ಯರೂ ಹೇಳಲಿಲ್ಲ. ಆದರೂ ಇದು ಒಬ್ಬರ ಕಥೆ, ಅದೂ ಚೂರಿಯ ನೇರ ಗಾಯ. ಮರದಿಂದ ಬಿದ್ದಾಗ ಹುರಿ ಜಜ್ಜಿಹೋಗುತ್ತದೆ, ಹಾನಿ ಹೆಚ್ಚು ದೂರ ಹರಡುತ್ತದೆ.

2018ರಲ್ಲಿ ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಬೆನ್ನುಹುರಿಯ ಮೇಲೆ ವಿದ್ಯುತ್ ತಂತಿ ಇಟ್ಟು ಕೆಲವರನ್ನು ಊರುಗೋಲಿನೊಂದಿಗೆ ನಡೆಸಿದ್ದೂ ನಿಜ. ಅಲ್ಲೂ ತಿಂಗಳುಗಟ್ಟಲೆ ದಿನನಿತ್ಯದ ತರಬೇತಿ ಜೊತೆಗಿತ್ತು.

ಸೇತುವೆ ಬರುವ ತನಕ

ವಾಸ್ತವ ಹೀಗಿದೆ: ಸೇತುವೆ ಇನ್ನೂ ಪ್ರಯೋಗಶಾಲೆಯಲ್ಲಿದೆ, ತರಬೇತಿ ನಮ್ಮ ಕೈಯಲ್ಲಿದೆ. ಆದರೆ ನಮ್ಮ ಮನೆಗಳಲ್ಲಿ ಆಗುವುದು ತಿರುವುಮುರುವು. ಸೇತುವೆಗಾಗಿ ಚಿನ್ನ ಅಡವಿಡುತ್ತೇವೆ, ಫಿಸಿಯೋಥೆರಪಿಯನ್ನು ಎರಡು ತಿಂಗಳಲ್ಲಿ ನಿಲ್ಲಿಸುತ್ತೇವೆ.

ಆಸ್ಪತ್ರೆಯಿಂದ ಹೊರಡುವ ಮೊದಲು ಪೆಟ್ಟು ಪೂರ್ಣವೋ ಅಪೂರ್ಣವೋ ಎಂದು ಕೇಳಿ ತಿಳಿದುಕೊಳ್ಳಿ. ಮಲದ್ವಾರದ ಸುತ್ತ ಸ್ವಲ್ಪವಾದರೂ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ವೈದ್ಯರು ನೋಡುವುದು ಇದಕ್ಕಾಗಿಯೇ. ಅಪೂರ್ಣವಾಗಿದ್ದರೆ ತರಬೇತಿಯಿಂದ ಸಿಗುವ ಲಾಭ ಬಹಳ ಹೆಚ್ಚು. ಪೂರ್ಣವಾಗಿದ್ದರೆ ತೋಳು, ಭುಜಗಳನ್ನು ಬಲಪಡಿಸಿ ಹಾಸಿಗೆಯಿಂದ ಗಾಲಿಕುರ್ಚಿಗೆ ತಾನೇ ಜಾರಿಕೊಳ್ಳುವಂತಾಗುವುದೇ ಮೊದಲ ಗುರಿ. ಅದನ್ನು ಸಣ್ಣದೆಂದು ಕಾಣಬೇಡಿ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ವಾಹನ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು. ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಭಾರತದಲ್ಲಿ ಪುನಶ್ಚೇತನ ವೈದ್ಯಕೀಯಕ್ಕೆ ಅಡಿಪಾಯ ಹಾಕಿದವರಲ್ಲಿ ಅವರು ಮೊದಲಿಗರು. ಇಂದು ವೆಲ್ಲೂರಿನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇಂಥ ಪುನಶ್ಚೇತನ ವಿಭಾಗಗಳಿವೆ.

ಮನೆಯಲ್ಲಿ ಮೊದಲ ಶತ್ರು ಹಾಸಿಗೆ ಹುಣ್ಣು. ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕುರ್ಚಿಯಲ್ಲಿ ಕುಳಿತವರು ಕಾಲು ಅಥವಾ ಅರ್ಧ ಗಂಟೆಗೊಮ್ಮೆ ಕೈ ಊರಿ ಪೃಷ್ಠವನ್ನು ಎತ್ತಬೇಕು. ಬಾಲಮೂಳೆ, ಸೊಂಟದ ಪಕ್ಕ, ಹಿಮ್ಮಡಿ ಇವುಗಳನ್ನು ದಿನಾ ನೋಡಿ. ಕೆಂಪಾಗಿದ್ದು ಒತ್ತಡ ತೆಗೆದ ಮೇಲೂ ಹೋಗದಿದ್ದರೆ ಹುಣ್ಣಿನ ಆರಂಭ ಅದು. ಅಲ್ಲಿ ಉಜ್ಜಬಾರದು. ಮಲ, ಮೂತ್ರ ತಾಗಿದ ಕೂಡಲೇ ನೀರಿನಿಂದ ತೊಳೆದು, ಒರೆಸದೆ ಮೆತ್ತಗೆ ಒತ್ತಿ ಒಣಗಿಸಿ. ಬಿಸಿನೀರಿನ ಚೀಲ ಇಡಬೇಡಿ, ಚರ್ಮ ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ಸ್ನಾನದ ನೀರನ್ನು ಬೇರೆಯವರು ಮೊಣಕೈ ಅದ್ದಿ ನೋಡಬೇಕು.

ಎರಡನೆಯದು ಕೀಲು ಬಿಗಿದುಕೊಳ್ಳುವುದು. ದಿನಕ್ಕೆ ಎರಡು ಸಲ ಪ್ರತಿ ಕೀಲನ್ನೂ ನಿಧಾನವಾಗಿ ಮಡಚಿ ಬಿಡಿಸಿ. ಪಾದ ಕೆಳಗೆ ಜೋತು ಬೀಳದಂತೆ ನೇರ ನಿಲ್ಲಿಸಿಡಿ. ಎಣ್ಣೆ ಹಚ್ಚಿ ಬಲವಾಗಿ ಎಳೆಯುವವರ ಕೈಗೆ ಕಾಲು ಕೊಡಬೇಡಿ. ಚಲನೆಯಿಲ್ಲದ ಕಾಲಿನ ಮೂಳೆ ತೆಳುವಾಗಿರುತ್ತದೆ, ಮುರಿದರೂ ನೋವೇ ತಿಳಿಯುವುದಿಲ್ಲ.

ಮೂತ್ರದ ಬಗ್ಗೆ ನಮ್ಮ ಜನ ಮಾತಾಡಲು ನಾಚುತ್ತಾರೆ, ಆದರೆ ಮೂತ್ರಪಿಂಡ ಕೆಡುವುದು ಈ ನಾಚಿಕೆಯಿಂದಲೇ. ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಕೈ ತೊಳೆದು, ಶುಚಿಯಾದ ನಳಿಕೆ ಹಾಕಿ ಮೂತ್ರ ತೆಗೆಯಲು ಹೇಳಿಕೊಡುತ್ತಾರೆ. ಕೆಲವರು ನೆನಪಿಗಾಗಿ ಅದನ್ನು ಅಝಾನ್ ವೇಳೆಗೆ ಹೊಂದಿಸಿಕೊಳ್ಳುತ್ತಾರೆ. ಒಳ್ಳೆಯ ಉಪಾಯ, ಆದರೆ ಸುಬ್‌ಹ್ ಮತ್ತು ಝುಹರ್ ನಡುವೆ ಏಳು ಗಂಟೆ, ಇಶಾ ಮತ್ತು ಸುಬ್‌ಹ್ ನಡುವೆ ಇನ್ನೂ ಹೆಚ್ಚು ಅಂತರವಿದೆ. ಬೆಳಗ್ಗೆ ಹತ್ತಕ್ಕೆ ಒಂದು, ನಡುರಾತ್ರಿಗೆ ಒಂದು ಸೇರಿಸಬೇಕು. ವುಝೂ ಉಳಿಯುವುದಿಲ್ಲವೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುವವರಿದ್ದಾರೆ. ಇಂಥ ಉಝ್ರ್ ಇರುವವರಿಗೆ ಶರೀಅತ್‌ನಲ್ಲಿ ರಿಯಾಯಿತಿ ಇದೆ, ವಿವರವನ್ನು ಉಲಮಾಗಳಿಂದ ತಿಳಿದುಕೊಳ್ಳಿ. ರಮಝಾನ್ ಉಪವಾಸದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ, ನೀರು ಕಡಿಮೆಯಾದರೆ ಸೋಂಕು ಮತ್ತು ಕಲ್ಲು ಬೇಗ ಬರುತ್ತವೆ. ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪೇರಿ ಬೆವರಿದರೆ ಕೂಡಲೇ ನೆಟ್ಟಗೆ ಕೂರಿಸಿ. ಮೂತ್ರ ಕಟ್ಟಿದೆಯೇ, ನಳಿಕೆ ಮಡಚಿದೆಯೇ ನೋಡಿ. ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಿರುತ್ತದೆ, ಕಡಿಮೆಯಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ.

ಇಷ್ಟನ್ನೂ ಒಬ್ಬ ಹೆಂಡತಿಯೋ ತಾಯಿಯೋ ಮಾಡಲಾರರು. ರಾತ್ರಿಯ ಮಗ್ಗುಲು ಬದಲಿಸುವ ಸರದಿಯಲ್ಲಿ ಮನೆಯ ಗಂಡುಮಕ್ಕಳ ಹೆಸರೂ ಇರಲಿ.

ದುಡ್ಡು ಕೇಳುವವರು ಬಂದಾಗ

ಬೆನ್ನುಹುರಿಗೆ ಸ್ಟೆಮ್ ಸೆಲ್ ಚುಚ್ಚುತ್ತೇವೆ, ಇಷ್ಟು ಲಕ್ಷ ಎಂದು ಹೇಳುವವರು ಊರೂರಲ್ಲಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಸ್ಟೆಮ್ ಸೆಲ್ ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿತವಾಗಿರುವುದು ಮುಖ್ಯವಾಗಿ ಕೆಲವು ರಕ್ತದ ಕಾಯಿಲೆಗಳಿಗೆ. ಬೆನ್ನುಹುರಿಗೆ ಅದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬಹುದು, ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಬಂದವರನ್ನು ಎರಡು ಮಾತು ಕೇಳಿ. ಈ ಪ್ರಯೋಗ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ ಇದೆಯೇ, ಅದರ ಸಂಖ್ಯೆ ಏನು? ಚಿಕಿತ್ಸೆಯ ನಂತರ ಎಷ್ಟು ತಿಂಗಳ ತರಬೇತಿ, ಯಾರು ಕೊಡುತ್ತಾರೆ? ಚುಚ್ಚಿ ಮೂರನೇ ದಿನ ಮನೆಗೆ ಕಳಿಸುವವರ ಬಳಿ ಎರಡನೆಯದಕ್ಕೆ ಉತ್ತರ ಇರುವುದಿಲ್ಲ.

ನಿಜವಾದ ಪ್ರಯೋಗದವರು ಕರೆದರೆ ಅವರು ನಿಮ್ಮ ಹಣದ ಚೀಲ ನೋಡುವುದಿಲ್ಲ. ಅವರ ನಿಯಮಗಳ ಪಟ್ಟಿಯಲ್ಲಿ ಹಾಸಿಗೆ ಹುಣ್ಣು ಇರುವವರನ್ನು, ಮೂತ್ರದ ಸೋಂಕು ಹತೋಟಿಯಲ್ಲಿ ಇಲ್ಲದವರನ್ನು, ಕೀಲು ಬಿಗಿದು ಹೋದವರನ್ನು ಸೇರಿಸುವುದಿಲ್ಲ ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ರೋಗಿಯನ್ನು ಮಗ್ಗುಲಿಗೆ ತಿರುಗಿಸಿ ಬಾಲಮೂಳೆಯ ಚರ್ಮ ನೋಡುತ್ತಾರೆ, ಪಾದವನ್ನು ಮೇಲಕ್ಕೆ ಒತ್ತಿ ಅದು ಎಷ್ಟು ಬಾಗುತ್ತದೆ ಎಂದು ಅಳೆಯುತ್ತಾರೆ. ಎಂಆರ್‌ಐ ಆಮೇಲೆ.